ಕುರ್ಚಿಯ ಮೇಲಿನ ಟವೆಲ್

1991ನೇ ಇಸವಿಯಲ್ಲಿ ಕಲಬುರಗಿಯ ಕೈಪಂಪು ದುರಸ್ತಿ ಕಚೇರಿಯಲ್ಲಿ ತಿರುಗುವ ಫ್ಯಾನು ಒಂದೇ ಇತ್ತು. ಅದರ ಕೆಳಗಿನ ಕುರ್ಚಿಯಲ್ಲಿ ಗುಮಾಸ್ತ ಚಂದ್ರಶಾ ಹತ್ತೊಂಬತ್ತು ವರ್ಷಗಳಿಂದ ಕೂತಿದ್ದರು. ಅರ್ಜಿ ತಂದವರಿಗೆ “ನಾಳಿ ಬರ್ರಿ” ಎನ್ನುವುದು ಅವರ ಕರ್ತವ್ಯ. ಈ ಕರ್ತವ್ಯಕ್ಕೆ ಎದ್ದು ನಿಲ್ಲುವ ಅಗತ್ಯವಿರಲಿಲ್ಲ.

ಹೀಗಾಗಿ ಅವರ ಹೊಟ್ಟೆ ಮೇಜಿನ ಮೇಲೆ ಬಂದು ಕಡತಗಳ ಜಾಗ ಹಿಡಿಯತೊಡಗಿತು. ಡಾಕ್ಟರ್ ಸಲಾವುದ್ದೀನ್ ಪರೀಕ್ಷೆ ಮಾಡಿ, “ಚಂದ್ರಶಾ ಸಾಬ್, ಸಕ್ಕರಿ ಏರ್ಯದ, ಬಿಪಿ ಏರ್ಯದ, ನೀವು ಮಾತ್ರ ಕುಂತಲ್ಲೇ ಕುಂತೀರಿ. ದಿನಾ ಒಂದು ತಾಸು ನಡೀರಿ. ಇಲ್ಲಂದ್ರ ವರ್ಷ ತುಂಬೂದ್ರಾಗ ನಾಕು ಮಂದಿ ನಿಮ್ಮನ್ನ ಹೊತ್ಕೊಂಡು ನಡೀತಾರ,” ಎಂದರು.

ಚಂದ್ರಶಾ ತಮ್ಮ ದಿನದ ವೇಳೆಯನ್ನು ಲೆಕ್ಕ ಹಾಕಿದರು. ಬೆಳಿಗ್ಗೆ ನಿದ್ದೆ, ಸಂಜೆ ಟಿ.ವಿ. ಇರುವುದರಿಂದ ನಡೆಯಲು ಉಳಿದದ್ದು ಕಚೇರಿಯ ವೇಳೆಯೊಂದೇ. ಆದರೆ ತಾವು ಎದ್ದರೆ ಪಕ್ಕದ ಮೇಜಿನ ಹಣಮಂತರಾಯ ಕೂತುಬಿಡುತ್ತಾನೆ. ಅವನು ಹನ್ನೊಂದು ವರ್ಷದಿಂದ ಬೆವರು ಒರೆಸಿಕೊಳ್ಳುತ್ತ ಆ ಫ್ಯಾನನ್ನೇ ನೋಡುತ್ತಿದ್ದವನು. ಜೀವ ಬೇಕೋ ಫ್ಯಾನು ಬೇಕೋ ಎಂದು ಚಂದ್ರಶಾ ಎರಡು ದಿನ ಯೋಚಿಸಿದರು. ತೀರ್ಮಾನಕ್ಕೆ ಬರಲಾಗಲಿಲ್ಲ.

ಗಾಜಿಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದುಂಡಮ್ಮ ತಲೆ ಎತ್ತದೆ ದಾರಿ ತೋರಿಸಿದರು: “ಕಮಲಾಪುರ ಬಸ್ಸಿನ್ಯಾಗ ಸೀಟು ಹ್ಯಾಂಗ ಹಿಡೀತೀರಿ? ಹಂಗೇ ಟಾವೆಲ್ ಒಗದು ಹೋಗ್ರಿ.”

ಮರುದಿನ ಚಂದ್ರಶಾ ಕೆಂಪು ಗೀಟಿನ ಟವೆಲ್ಲನ್ನು ಕುರ್ಚಿಯ ಮೇಲೆ ಹಾಸಿ ಕೆರೆಯ ದಂಡೆಗೆ ನಡೆದರು. ಹಣಮಂತರಾಯ ಕುರ್ಚಿಯ ತನಕ ಬಂದ. ಕೈ ಮುಂದೆ ಹೋಯಿತು, ಹಿಂದೆ ಬಂತು. ಸೀಟು ಹಿಡಿಯಲು ಕಿಟಕಿಯಿಂದ ಎಸೆದ ಟವೆಲ್ ಸರಿಸಿದವನಿಗೆ ಬಸ್ಸಿನಲ್ಲಿ ಏನಾಗುತ್ತದೆಂದು ಅವನು ಚಿಕ್ಕಂದಿನಿಂದ ನೋಡಿಯೇ ಬೆಳೆದಿದ್ದ. ಬೇರೆ ದಾರಿಯಿಲ್ಲದೆ ಸಾಹೇಬರಾದ ಬುರ್ಹಾನುದ್ದೀನರಿಗೆ ದೂರು ಕೊಟ್ಟ. ಸಾಹೇಬರು ದೀರ್ಘವಾಗಿ ಆಲೋಚಿಸಿ ಟಿಪ್ಪಣಿ ಬರೆದರು:

“ಸದರಿ ಆಸನದ ಮೇಲೆ ಸದರಿ ನೌಕರರ ಟವೆಲ್ ಇರುವವರೆಗೆ ಸದರಿ ನೌಕರರು ಹಾಜರಿದ್ದಾರೆಂದೇ ಪರಿಗಣಿಸತಕ್ಕದ್ದು. ಈ ಭಾಗದ ಎಲ್ಲ ಬಸ್ಸುಗಳಲ್ಲಿ ಇದು ರೂಢಿಯಲ್ಲಿರುತ್ತದೆ.”

ಆರೋಗ್ಯದ ವಿಷಯದಲ್ಲಿ ಜಿಪುಣತನ ಸಲ್ಲದೆಂದು ಚಂದ್ರಶಾ ಒಂದು ತಾಸಿನ ನಡಿಗೆಯನ್ನು ಇಡೀ ದಿನಕ್ಕೆ ವಿಸ್ತರಿಸಿದರು.

ಆ ವಾರವೇ ಕಮಲಾಪುರದ ಮಾಳಮ್ಮ ತನ್ನ ಓಣಿಯ ಕೈಪಂಪು ಕೆಟ್ಟಿದೆಯೆಂಬ ಅರ್ಜಿ ಹಿಡಿದು ಹದಿನೇಳನೇ ಸಲ ಬಂದಳು. ಜವಾನ ಮರೆಪ್ಪ, “ಯವ್ವಾ, ಅರ್ಜಿ ಟಾವೆಲ್ ಮುಂದ ಇಡು,” ಎಂದ.

“ಟಾವೆಲ್ ಏನಂತದಪ್ಪ?”

“ಏನೂ ಅನ್ನಂಗಿಲ್ಲ. ನಾಳಿ ಬಾ ಅಂತನೂ ಅನ್ನಂಗಿಲ್ಲ.”

ಮಾಳಮ್ಮ ಸಂಜೆಯತನಕ ಎದುರಿಗೆ ಕೂತಳು. ಟವೆಲ್ ಸುಮ್ಮನಿತ್ತು. ಮರೆಪ್ಪ ಅರ್ಜಿಯನ್ನು ಒಳಗೆ ಒಯ್ದ. “ಶಾಖೆಯ ಗುಮಾಸ್ತರು ಏನಂದ್ರು?” ಎಂದು ಸಾಹೇಬರು ಕೇಳಿದರು. “ಏನೂ ಅನ್ಲಿಲ್ರಿ,” ಎಂದ. ಸಾಹೇಬರು ಬರೆದರು: “ಶಾಖೆಯಿಂದ ಆಕ್ಷೇಪಣೆ ಇರುವುದಿಲ್ಲ. ಮಂಜೂರು.” ಮೂರನೇ ದಿನ ಕೈಪಂಪಿನಲ್ಲಿ ನೀರು ಬಂತು. ನಾಲ್ಕನೇ ದಿನ ಮಾಳಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಟವೆಲ್ಲಿನ ಮೇಲಿಟ್ಟು ಕೈಮುಗಿದಳು. ಸುದ್ದಿ ಹಬ್ಬಿತು. ತಿಂಗಳೊಪ್ಪತ್ತಿನಲ್ಲಿ ನೂರಾ ಹನ್ನೆರಡು ಕೈಪಂಪು ರಿಪೇರಿಯಾದವು. ಕುರ್ಚಿಯಲ್ಲಿ ಹಣ್ಣಿಗೆ ಜಾಗ ಸಾಲದಾಯಿತು.

ಹತ್ತೊಂಬತ್ತು ವರ್ಷದಲ್ಲಿ ತಮಗೆ ಯಾರೂ ಒಂದು ಹಣ್ಣು ತಂದುಕೊಟ್ಟಿರಲಿಲ್ಲವೆಂದು ಚಂದ್ರಶಾಗೆ ನಿಜಕ್ಕೂ ನೋವಾಯಿತು. ಕೇಳಿ ಪಡೆದದ್ದು ಬೇರೆ ಮಾತು.

ಆರು ತಿಂಗಳಿಗೆ ಅವರ ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಡಾಕ್ಟರು ಬೆನ್ನು ತಟ್ಟಿದರು. ಇನ್ನು ಫ್ಯಾನಿನ ಕೆಳಗೆ ಸುಖವಾಗಿ ಕೂರೋಣವೆಂದು ಚಂದ್ರಶಾ ಕಚೇರಿಗೆ ಬಂದು ಟವೆಲ್ಲಿಗೆ ಕೈ ಹಾಕಿದರು. ಇಡೀ ಕಚೇರಿ ಎದ್ದು ನಿಂತಿತು.

“ಏನ್ರೀ, ಟಾವೆಲ್ ಹಾಕಿದ್ದು ಕಾಣಂಗಿಲ್ಲೇನು?” ಎಂದ ಹಣಮಂತರಾಯ.

“ಅದು ನಂದೇ ಅದನೋ ಮಾರಾಯ!”

ವಿಷಯ ಸಾಹೇಬರಿಗೆ ಹೋಯಿತು. ಸಾಹೇಬರು ಸರ್ವಿಸ್ ಪುಸ್ತಕ ತೆಗೆಸಿದರು. “ನೋಡ್ರಿ, ಚಂದ್ರಶಾ ಅವರ ಗುರ್ತು ‘ದಪ್ಪ ಶರೀರ’ ಅಂತ ಬರದದ. ಆ ಶರೀರ ಎಲ್ಲದ? ಟಾವೆಲ್ ಮಾತ್ರ ಮೊದಲಿನಂಗೇ ಅದ. ಅದೂ ಅಲ್ದ ಒಂದು ದಿನಾನೂ ರಜಾ ತಗೊಂಡಿಲ್ಲ.”

ಚಂದ್ರಶಾ ಆ ಪುಟವನ್ನು ಎರಡು ಸಲ ಓದಿದರು. ಸಾಹೇಬರ ಮಾತು ನಿಯಮಬದ್ಧವಾಗಿಯೇ ಇತ್ತು.

ಅಷ್ಟರಲ್ಲಿ ನೌಕರರ ವಾರ್ಷಿಕ ಆರೋಗ್ಯ ತಪಾಸಣೆ ಬಂತು. ಡಾಕ್ಟರ್ ಸಲಾವುದ್ದೀನ್ ಸರದಿಯಂತೆ ಟವೆಲ್ಲಿನ ಬಳಿ ಬಂದು ಒಮ್ಮೆ ತಟ್ಟಿದರು. ಎದ್ದ ಧೂಳಿಗೆ ತಾವೇ ಕೆಮ್ಮಿದರು. “ಒಂದೇ ಕಡೆ ಕುಂತು ಕುಂತು ಹಿಂಗಾಗ್ಯದ. ಬಣ್ಣ ಇಳದದ. ಇರುವಿ ಹತ್ಯಾವ ಅಂದಮ್ಯಾಗ ಸಕ್ಕರಿ ಖಾತ್ರಿ,” ಎಂದರು. ಎಲ್ಲರ ಮುಖ ಬಾಡಿತು. ಸಂಜೆಯೊಳಗೆ ಪ್ರಕಟಣೆ ಅಂಟಿಸಲಾಯಿತು:

“ಕಚೇರಿಯ ದಕ್ಷ ನೌಕರರಾದ ಟವೆಲ್ ಅವರನ್ನು ವೈದ್ಯಕೀಯ ಸಲಹೆಯಂತೆ ದಿನವೂ ಒಂದು ತಾಸು ನಡೆಸತಕ್ಕದ್ದು. ನಡಿಗೆಯಲ್ಲಿ ಅನುಭವವುಳ್ಳ ಶ್ರೀ ಚಂದ್ರಶಾ ಎನ್ನಲಾದವರು ಇದಕ್ಕೆ ಜವಾಬ್ದಾರರು. ಟವೆಲ್ ಅವರು ಹೊರಗೆ ಹೋದಾಗ ಆಸನದ ಮೇಲೆ ಅವರ ಪರವಾಗಿ ಒಂದು ಕರವಸ್ತ್ರ ಹಾಕತಕ್ಕದ್ದು.”

ಕರವಸ್ತ್ರವನ್ನೂ ಚಂದ್ರಶಾ ಅವರೇ ಕೊಟ್ಟರು. ಹಣಮಂತರಾಯ ಅದರ ತನಕ ಬಂದು ಹಿಂದಿರುಗಿದ.

ಈಗ ಅವರು ದಿನವೂ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಕೆರೆಯ ದಂಡೆಗೆ ಹೋಗುತ್ತಾರೆ. ಒಂದು ದಿನ ಕಮಲಾಪುರದ ಬಸ್ಸಿಳಿದು ಬಂದ ಮಾಳಮ್ಮ ಎದುರಾದಳು. ಹೆಗಲ ಕಡೆ ನೋಡಿ, ಚಪ್ಪಲಿ ಬಿಟ್ಟು ನಿಂತು ಕೈಮುಗಿದಳು.

“ಸಾಹೇಬ್ರು ಗಾಳಿಗೆ ಹೊಂಟಾರೇನಪ್ಪ?”

“ಹೌದು ಯವ್ವಾ, ಡಾಕ್ಟರ್ ಹೇಳ್ಯಾರ.”

“ಹುಷಾರಿಂದ ಕರ್ಕೊಂಡು ಹೋಗು. ಅವರಿಗೇನರ ಆದ್ರ ಆ ಕುರ್ಚಿಗೆ ಮತ್ತ ಮನಶ್ಯಾರು ಬಂದು ಕುಂದರ್ತಾರ.”

ಚಂದ್ರಶಾ ತಲೆಯಾಡಿಸಿದರು. ಬಿಸಿಲಿಗೆ ಸಾಹೇಬರ ಬಣ್ಣ ಇನ್ನಷ್ಟು ಇಳಿದೀತೆಂದು ನೆರಳು ಹಿಡಿದು ನಡೆದರು.