ಕುಂಕುಮ ಹಚ್ಚಿಸಿಕೊಂಡ ಸ್ಪೀಕರು

ಮನೆಗೆ ಬಂದ ನೆಂಟರು ನನ್ನ ಬೋಳುತಲೆಯ ಬಗ್ಗೆ ಏನು ಬೇಕಾದರೂ ಅನ್ನಲಿ, ನಕ್ಕು ಸುಮ್ಮನಾಗುತ್ತೇನೆ. ಆದರೆ ನನ್ನ ಸ್ಪೀಕರುಗಳ ಮುಂದೆ ನಿಂತು, ಅಂಗೈ ಚಾಚಿ, "ಬೆಂಗಳೂರಿನ ಚಳಿಗೆ ಹೀಟರ್ ಬೇರೆ ಬೇಕೇನ್ರೀ?" ಎಂದರೆ ಮೈಯೆಲ್ಲ ಉರಿದುಹೋಗುತ್ತದೆ. ಒಬ್ಬ ಮಹಾನುಭಾವರಂತೂ ಒದ್ದೆ ಕೊಡೆಯನ್ನು ಬಿಚ್ಚಿ ಅವುಗಳ ಮುಂದೆ ಒಣಗಲು ಇಟ್ಟಿದ್ದರು. ಅವರು ನನ್ನ ಸ್ವಂತ ಷಡ್ಡಕರು. ಅಂದಿನಿಂದ ಅವರನ್ನು ಇನ್ನೊಂದು ಲೋಟ ಕಾಫಿ ಬೇಕೇ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಅವರ ತಪ್ಪೇನೂ ಇಲ್ಲ ಎನ್ನುವುದು ನನ್ನ ಹೆಂಡತಿ ಸರೋಜಳ ವಾದ. ಸ್ಪೀಕರು ಅಂದರೆ ಮರದ ಪೆಟ್ಟಿಗೆ, ಒಳಗೊಂದು ಕಪ್ಪು ಕೋನು ಎಂದು ಲೋಕ ತಿಳಿದಿದೆ. ನನ್ನವು ಎದೆಮಟ್ಟ ಬರುವ ಎರಡು ಹಲಗೆಗಳು. ಹಿಂದೆ ಮುಂದೆ ತೂತು ತಗಡು, ನಡುವೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಅದಕ್ಕೆ ಸಾವಿರಾರು ವೋಲ್ಟಿನ ಕರೆಂಟು. ಪರದೆ ನಡುಗಿದರೆ ಸಂಗೀತ. ಹೆಬ್ಬಾಳದಲ್ಲಿ ಬಾಡಿಗೆಗಿದ್ದ ವಿದೇಶಿ ಇಂಜಿನಿಯರೊಬ್ಬರು ಊರು ಬಿಡುವಾಗ, ಆಗಲೇ ಇಪ್ಪತ್ತು ವರ್ಷ ಹಳೆಯವಾಗಿದ್ದ ಇವನ್ನು ನನಗೆ ಕೊಟ್ಟುಹೋದರು. ಎಂಬತ್ತರ ದಶಕದ ಮೊದಲಲ್ಲಿ ಒಂದು ಭಾನುವಾರ, ಆರ್.ಟಿ. ನಗರದ ನಮ್ಮ ಮನೆಗೆ ಟೆಂಪೊದಲ್ಲಿ ತಂದಿಳಿಸಿದೆ. ನನ್ನ ನೆಮ್ಮದಿ ಅದೇ ಟೆಂಪೊ ಹತ್ತಿ ಹೊರಟುಹೋಯಿತು.

ಈ ಪರದೆಗೆ ಧೂಳೆಂದರೆ ಪ್ರಾಣ. ಬೀದಿಯಲ್ಲಿ ಯಾರೇ ಮನೆ ಕಟ್ಟಿಸಲಿ, ಮರಳು ಜರಡಿ ಹಿಡಿದ ಧೂಳೆಲ್ಲ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ. ಮಳೆಗಾಲದ ತೇವ ಆಗದು, ಒಗ್ಗರಣೆಯ ಜಿಡ್ಡು ಮೊದಲೇ ಆಗದು. ಆದ್ದರಿಂದ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡೇ ಒಗ್ಗರಣೆ ಹಾಕಬೇಕೆಂದು ನಿಯಮ ಮಾಡಿದೆ. ಇನ್ನು ಸಂಗೀತ ಸರಿಯಾಗಿ ಕೇಳಿಸುವ ಜಾಗ ಇಡೀ ಹಾಲಿನಲ್ಲಿ ಒಂದೇ. ಅಲ್ಲಿಂದ ಒಂದು ಗೇಣು ಸರಿದು ಕೂತರೆ ಹಾಡುವವರು ಪಕ್ಕದ ಮನೆಗೆ ಹೋದಂತಾಗುತ್ತದೆ. ಅಲ್ಲೊಂದು ಬೆತ್ತದ ಕುರ್ಚಿ ಹಾಕಿ, ಅದರ ನಾಲ್ಕು ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದೆ. ಕಸ ಗುಡಿಸುವಾಗ ಸರೋಜ ಅದನ್ನು ಸರಿಸಿದರೆ ಅಂದು ಮನೆಯಲ್ಲಿ ಕುರುಕ್ಷೇತ್ರ. ಆ ಕುರ್ಚಿಯಲ್ಲಿ ಕೂರುತ್ತಿದ್ದವನು ನಾನೊಬ್ಬನೇ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಮೂರನೇ ವರ್ಷದ ಆಯುಧಪೂಜೆ ಬಂತು. ಯಶವಂತಪುರದಿಂದ ಬೂದುಗುಂಬಳಕಾಯಿ ಹಿಡಿದು ಬಂದು ನೋಡುತ್ತೇನೆ, ಎರಡೂ ಸ್ಪೀಕರಿಗೆ ಮೂರೆಳೆ ವಿಭೂತಿ, ನಡುವೆ ಬೊಗಸೆಯಷ್ಟು ಕುಂಕುಮ, ಮೇಲೆ ಚೆಂಡುಹೂವು! ಶುದ್ಧವಾಗಲೆಂದು ಸರೋಜ ನೀರು ಬೇರೆ ಚಿಮುಕಿಸಿದ್ದಾಳೆ. ತೂತು ತಗಡಿನ ಮೇಲೆ ಕುಂಕುಮ ನಿಲ್ಲುತ್ತದೆಯೇ? ಎಲ್ಲ ಒಳಗೆ.

"ಯಾರ್ ಹೇಳಿದ್ರು ನಿಂಗೆ ಇದಕ್ಕೆ ಪೂಜೆ ಮಾಡು ಅಂತ?" ಎಂದು ಕೂಗಾಡಿದೆ.

"ನಿನ್ನೆ ನಿಮ್ ಫ್ಯಾಕ್ಟ್ರೀಲಿ ಲೇತ್‌ಗೆಲ್ಲ ನೀವೇ ಮುಂದೆ ನಿಂತು ಕುಂಕುಮ ಹಚ್ಚಿಸ್ಲಿಲ್ವಾ? ಅಲ್ಲಿ ನೀವ್ ಹಚ್ಚಬಹುದು, ಇಲ್ಲಿ ನಾನ್ ಹಚ್ಚಬಾರ್ದಾ?" ಎಂದಳು. ಮಾತು ನ್ಯಾಯವಾಗಿತ್ತು, ಆದ್ದರಿಂದ ಇನ್ನೂ ಜೋರಾಗಿ ಕೂಗಾಡಿದೆ.

ಸಂಜೆ ಸ್ವಿಚ್ಚು ಹಾಕಿದರೆ ಎಡಗಡೆಯ ಸ್ಪೀಕರು ಸಾಸಿವೆ ಸಿಡಿದಂತೆ ಚಟಪಟ ಎನ್ನತೊಡಗಿತು. ರೇಡಿಯೊ ರಿಪೇರಿಯ ಬಷೀರ್ ಸಾಬರನ್ನು ಮನೆಗೇ ಕರೆತಂದೆ. ಅವರು ಸುತ್ತ ಎರಡು ಸಲ ಪ್ರದಕ್ಷಿಣೆ ಬಂದು, "ಕೋನಿಲ್ಲ, ಮ್ಯಾಗ್ನೆಟ್ಟಿಲ್ಲ. ಮೊದ್ಲು ಇದ್ರೊಳಗೆ ಒಂದ್ ಸ್ಪೀಕರ್ ಹಾಕ್ಸಿ ಸಾರ್, ಆಮೇಲೆ ರಿಪೇರಿ ಮಾಡೋಣ" ಎಂದು ಟೀ ಕುಡಿದು ಹೋದರು. ಸರೋಜ ತೀರ್ಪು ಕೊಟ್ಟಳು: "ದೀಪಾವಳಿಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬಿಡಿ. ಆ ಜಾಗದಲ್ಲಿ ಟಿ.ವಿ. ಇಡೋಣ."

ಟಿ.ವಿ.! ನನಗೆ ರಾತ್ರಿ ಊಟ ಸೇರಲಿಲ್ಲ. ಪ್ಲಗ್ಗು ಕಿತ್ತು, ಒಳಗಿನ ಕರೆಂಟು ಇಳಿಯಲಿ ಎಂದು ಒಂದಿಡೀ ದಿನ ಬಿಟ್ಟು, ತಗಡು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಉಸಿರು ಬಿಗಿಹಿಡಿದು ಕುಂಕುಮ ತೆಗೆದೆ. ಮತ್ತೆ ಜೋಡಿಸಿದ ಮೇಲೆ ಪರೀಕ್ಷಿಸಬೇಕಲ್ಲ? ಚಟಪಟ ಎಂದರೆ ತಕ್ಷಣ ಕೀಳಲು ನಾನು ಹಿಂದೆ ಪ್ಲಗ್ಗಿನ ಬಳಿ ಇರಬೇಕು, ಯಾರಾದರೂ ಕುರ್ಚಿಯಲ್ಲಿ ಕೂತು ಹೇಳಬೇಕು. ಬೇರೆ ಯಾರೂ ಇರಲಿಲ್ಲ. ಸರೋಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಒಲ್ಲದ ಮನಸ್ಸಿನಿಂದ ಬಂದು ಕೂತಳು. ವೀಣೆಯ ರೆಕಾರ್ಡು ಹಾಕಿದೆ.

"ಚಟಪಟ ಇದೆಯೇನೇ?" ಎಂದೆ. ಇಣುಕಿ ನೋಡಿದರೆ ಕಣ್ಣು ಮುಚ್ಚಿ ಕೂತಿದ್ದಾಳೆ. ಮತ್ತೆ ಕೇಳಿದೆ.

"ಸ್ವಲ್ಪ ಸುಮ್ನಿರ್ರೀ. ಎದುರಿಗೇ ಕೂತು ನುಡಿಸ್ತಿದಾರೆ. ತಂತಿ ಮೇಲೆ ಬೆರಳು ಜಾರೋದೂ ಕೇಳ್ಸುತ್ತೆ." ರೆಕಾರ್ಡು ಮುಗಿದ ಮೇಲೆ ನನ್ನತ್ತ ತಿರುಗಿ ಕೇಳಿದಳು, "ಮೂರು ವರ್ಷದಿಂದ ಇದನ್ನ ನೀವೊಬ್ರೇ ಕೇಳ್ತಿದ್ರಾ?"

ನನಗೆ ನಿಜವಾಗಿ ನಾಚಿಕೆಯಾಯಿತು. ಒಂದು ದಿನವೂ 'ಬಾ, ಕೂತು ಕೇಳು' ಎಂದವನಲ್ಲ ನಾನು.

ಟಿ.ವಿ.ಯ ಮಾತು ಅಲ್ಲಿಗೆ ನಿಂತಿತು. ಸ್ಪೀಕರು ಉಳಿಯಿತು, ಕುರ್ಚಿ ನನ್ನ ಕೈತಪ್ಪಿತು. ತನ್ನ ಎತ್ತರಕ್ಕೆ ಸರಿಹೊಂದುವಂತೆ ಅದನ್ನು ಒಂದು ಗೇಣು ಮುಂದಕ್ಕೆ ಎಳೆದು ಸರೋಜ ಹೊಸ ಗುರುತು ಹಾಕಿದ್ದಾಳೆ, ರಂಗೋಲಿ ಪುಡಿಯಲ್ಲಿ. ಈಗ ಸಂಜೆ ಹುಳಿ ಕುದಿಸುವವನು ನಾನು. "ಒಗ್ಗರಣೆ ಹಾಕೋವಾಗ ಬಾಗಿಲು ಮುಚ್ಕೊಳ್ರೀ, ಪರದೆಗೆ ಜಿಡ್ಡು ಹಿಡಿಯುತ್ತೆ!" ಎಂದು ಹಾಲಿನಿಂದ ಅಪ್ಪಣೆಯಾಗುತ್ತದೆ. ಎಂಥ ಅನ್ಯಾಯ! ಆದರೆ ನಿಯಮ ಮಾಡಿದವನು ನಾನೇ. ಬಾಗಿಲು ಮುಚ್ಚಿಕೊಂಡು, ಬಾಣಲೆಯಲ್ಲಿ ಸಾಸಿವೆಯ ಚಟಪಟ ಕೇಳುತ್ತ ನಿಲ್ಲುತ್ತೇನೆ.