ಗುಲಾಮ ಸಿಲಿಂಡರಿಗೊಂದು ಚಂದದ ಹೆಸರು

ದಾಂಡೇಲಿಯ ಲಾರಿ ಗ್ಯಾರೇಜಿನಲ್ಲಿ ರೊಜಾರಿಯೊ ಎಷ್ಟೋ ವರ್ಷಗಳಿಂದ ಸ್ಲೇವ್ ಸಿಲಿಂಡರ್ ಬಿಚ್ಚಿ, ತೊಳೆದು, ಮತ್ತೆ ಕಟ್ಟುತ್ತಿದ್ದ. ಆ ಹೆಸರು ಅವನನ್ನು ಒಮ್ಮೆಯೂ ಕಚ್ಚಿರಲಿಲ್ಲ. ಇಂಗ್ಲಿಷ್ ಶಬ್ದ ನೋಡಿ, ಅರ್ಥ ಗೊತ್ತಿಲ್ಲದವರಿಗೆ ಅದರ ಹಲ್ಲು ತಾಗುವುದಿಲ್ಲ. ಕಚ್ಚಿದ್ದು ಕನ್ನಡ.

ಅದು ನಾಡಿನ ತುಂಬ ಕನ್ನಡದ ಗಾಳಿ ಬೀಸುತ್ತಿದ್ದ ಕಾಲ. ಗ್ಯಾರೇಜಿನ ಫೋರಮನ್ ನಾಗಲಿಂಗಪ್ಪ ಹಳಿಯಾಳದವರು, ಮನಸ್ಸು ಬೆಣ್ಣೆ, ಬಾಯಿಗೆ ಬೀಗವಿಲ್ಲ. ಲಾರಿಯ ಸಕಲ ಅಂಗೋಪಾಂಗಗಳಿಗೂ ಕನ್ನಡದ ದೀಕ್ಷೆ ಕೊಡಲು ಅವರು ಟೊಂಕ ಕಟ್ಟಿದರು. ಗೋಡೆಗೆ ಕರೀ ಬೋರ್ಡು ಬಂತು. ಹಾರ್ನು ಕಹಳೆಯಾಯಿತು, ಗೇರು ಹಲ್ಲುಗಾಲಿಯಾಯಿತು. (ನಿನ್ನ ಹಲ್ಲುಗಾಲಿ ಸವೆದಾವ ಎಂದು ಕೇಳಿಸಿಕೊಂಡ ಡ್ರೈವರನೊಬ್ಬ ದವಡೆ ಮುಟ್ಟಿ ನೋಡಿಕೊಂಡನಂತೆ.) ಆಮೇಲೆ ಕ್ಲಚ್ಚಿನ ಪಾಳಿ ಬಂತು.

"ಪೆಡಲ್ ಒತ್ತಿದ ಕೂಡಲೆ ಎಣ್ಣಿ ದಬ್ಬೂದು ಮಾಸ್ಟರ್ ಸಿಲಿಂಡರ್. ಅಂದ್ರ ಧಣಿ!" ಎಂದರು ನಾಗಲಿಂಗಪ್ಪ. "ಆ ಎಣ್ಣಿ ಕೊಳವಿಯಾಗ ಹರದು ಬಂದು ಗುದ್ದಿದಾಗ, ತುಟಿಪಿಟಕ್ ಅನ್ನದ, ಕ್ಲಚ್ ಬಿಡಸೂದು ಸ್ಲೇವ್ ಸಿಲಿಂಡರ್. ಅಂದ್ರ ಗುಲಾಮ!"

ಚಪ್ಪಾಳೆ ಬೀಳಬೇಕಿತ್ತು, ಬೀಳಲಿಲ್ಲ. ಎಲ್ಲರ ಕಣ್ಣುಗಳೂ ಯಾರೋ ಹೇಳಿಕೊಟ್ಟ ಹಾಗೆ ತಿರುಗಿ ರೊಜಾರಿಯೊನ ಗುಂಗುರುಗೂದಲಿನ ಮೇಲೆ ಕೂತವು.

ರೊಜಾರಿಯೊ ಸಿದ್ದಿ. ಅವನ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವಾದಲ್ಲಿ ಮಾರಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಅನಮೋಡದ ಘಟ್ಟ ಹತ್ತಿ ಕಾಡು ಸೇರಿದ ಕುಲ ಅವನದು. ಗ್ಯಾರೇಜಿನವರಿಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

"ಛೇ ಛೇ, ರೊಜಾರಿಯೊ, ನಿನಗ ಅಂದದ್ದಲ್ಲೋ, ಯಂತ್ರಕ್ಕ ಅಂದದ್ದು!" ಎಂದು ನಾಗಲಿಂಗಪ್ಪ ಗಾಬರಿಯಾಗಿ ಕೂಗಿದರು. ಅಲ್ಲಿಯವರೆಗೆ ಹೊಳೆಯದಿದ್ದ ಒಬ್ಬಿಬ್ಬರಿಗೂ ಆಗ ಹೊಳೆಯಿತು. "ಒಂದು ಕೆಲಸಾ ಮಾಡು. ಯಾರ ಮನಸ್ಸಿಗೂ ನೋವಾಗದಂಥಾ ಹೆಸರು ನೀನ ಹುಡಕಿ ತಾ. ಸೋಮವಾರ ಬೋರ್ಡಿನ ಮ್ಯಾಲ ಬರೀತೇನಿ."

ರೊಜಾರಿಯೊ ಮುಖ ಊದಿಸಿಕೊಂಡು ಮನೆಗೆ ಬಂದ. ಹೆಂಡತಿ ಜುಲಿಯಾನಾ ಕುಂಬಾರವಾಡದ ಕಡೆಯವಳು. ಸುದ್ದಿ ಕೇಳಿದವಳೇ ಒಲೆಯಿಂದ ಕೊಳ್ಳಿ ಹಿರಿದಳು.

"ಎಲ್ಲದಾನ ಆ ಫೋರಮನ್? ಮೀಸಿಗೆ ಇದನ್ನ ಹಿಡೀತೇನಿ!"

ಗಂಡನಿಗೆ ಎದೆ ತಂಪಾಯಿತು. ತನ್ನ ಮಾನಕ್ಕೆ ಕೊಳ್ಳಿ ಹಿಡಿದು ನಿಲ್ಲುವ ಹೆಂಡತಿ ಎಷ್ಟು ಜನರಿಗಿದ್ದಾಳು? ಆ ಸಂತೋಷದಲ್ಲಿ ಎರಡು ತುತ್ತು ಹೆಚ್ಚೇ ಉಂಡ. ಮೂರನೆಯ ತುತ್ತಿಗೆ ಜ್ಞಾನೋದಯವಾಯಿತು.

"ಸಿಕ್ತು! ಗಂಡ ಸಿಲಿಂಡರ್, ಹೆಂಡ್ತಿ ಸಿಲಿಂಡರ್!"

ಜುಲಿಯಾನಾ ಕೊಳ್ಳಿಯನ್ನು ಒಲೆಗೆ ವಾಪಸ್ಸು ಇಡುತ್ತಿದ್ದವಳು ಅಲ್ಲೇ ನಿಂತಳು. "ಯಾವುದು ಯಾವುದು?"

"ಇದನ್ನೇನ ಕೇಳ್ತಿ? ಒತ್ತೂದು ಗಂಡ, ಕೆಲಸಾ ಮಾಡೂದು ಹೆಂಡ್ತಿ."

"ಅಂದ್ರ ಗುಲಾಮ ಕುಂತ ಜಾಗಾದಾಗ ನನ್ನ ಕುಂದ್ರಿಸಿದ್ರಿ."

"ಗುಲಾಮ ಅಲ್ಲ ಮಾರಾಯ್ತಿ, ಹೆಂಡ್ತಿ! ಪ್ರೀತಿ ಶಬ್ದ!"

"ಗುದ್ದಿಸಿಕೊಳ್ಳೂದು ತಪ್ಪಿತೇನು?"

"ಇಲ್ಲ... ಅದು ಹಂಗ ಇರತೈತಿ."

"ತುಟಿಪಿಟಕ್ ಅನ್ನಬಹುದೇನು?"

"ಸಿಲಿಂಡರ್ ಎಲ್ಲ್ಯರ ಮಾತಾಡ್ತದೇನು?"

"ನಿಮಗ ಚುಚ್ಚಿದ ಮುಳ್ಳು ಕಿತ್ತು ನನಗ ಚುಚ್ಚಿ, ಹೂವಾ ಮುಡಿಸೇನಿ ಅಂತೀರಿ," ಎಂದಳು ಜುಲಿಯಾನಾ. ಕೊಳ್ಳಿ ಈಗ ಯಾರ ಮೀಸೆಯ ಕಡೆ ತಿರುಗಿತ್ತೆಂದು ಹೇಳಬೇಕಾಗಿಲ್ಲ.

ಮರುದಿನ ಶನಿವಾರ, ಗ್ಯಾರೇಜಿಗೆ ರಜೆ; ಬೆಳಿಗ್ಗೆ ಒಲೆ ತಣ್ಣಗಿತ್ತು. ಜುಲಿಯಾನಾ ಗೋಡೆಗೆ ಒರಗಿ ಕೂತಿದ್ದಳು.

"ಚಾ ಎಲ್ಲಿ?"

"ನೀವು ಒತ್ತಿಲ್ಲಲ್ಲ."

"ಮಾಡು ಹಂಗಾದ್ರ!"

ಅವಳು ಎದ್ದು ಚಹಾ ಮಾಡಿ, ಒಲೆಯ ಮೇಲೇ ಬಿಟ್ಟು ಬಂದು ಕೂತಳು. ಮಾಡು ಅಂದಿರಿ, ಮಾಡಿದೆ; ತಾ ಎಂದು ಒತ್ತಲಿಲ್ಲವಲ್ಲ? ತಾ ಎಂದಾಗ ತಂದಳು. ಸಕ್ಕರೆ ಇರಲಿಲ್ಲ. "ಸಕ್ರಿ ಹಾಕು ಅನ್ನೂ ಎಣ್ಣಿ ಈ ಕೊಳವಿಗೆ ಇನ್ನೂ ಬಂದಿಲ್ಲ," ಎಂದು ವಿನಯದಿಂದ ತಿಳಿಸಿದಳು. ಮಧ್ಯಾಹ್ನ ಅಕ್ಕಿ ತೊಳೆ ಎಂದದ್ದಕ್ಕೆ ತೊಳೆದ ಅಕ್ಕಿ ಸಿಕ್ಕಿತು. ಕೋಳಿಗಳನ್ನು ಹೊರಗೆ ಬಿಡಲು ಯಾರೂ ಒತ್ತದೆ ಅವು ಬುಟ್ಟಿಯೊಳಗೇ ಕೂಗಿಕೊಂಡವು. ಬಿಂದಿಗೆಯಲ್ಲಿ ನೀರಿಲ್ಲ, ಅಂಗಳದಲ್ಲಿ ಕಸ. ರೊಜಾರಿಯೊ ದಿನವಿಡೀ ಆಜ್ಞೆ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡ. ಧಣಿಯ ಕೆಲಸ ಇಷ್ಟು ದಣಿವಿನದೆಂದು ಅವನಿಗೆ ಗೊತ್ತಿರಲಿಲ್ಲ. ಈ ಹೆಂಗಸು ಯಾರೂ ಹೇಳದೆ ಇಷ್ಟೆಲ್ಲ ಮಾಡುತ್ತಿದ್ದಳೆಂಬುದೂ ಗೊತ್ತಿರಲಿಲ್ಲ. (ಗೊತ್ತಾದದ್ದಕ್ಕೆ ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು.)

ಭಾನುವಾರ ಇಗರ್ಜಿಗೆ ಹೊರಟಾಗ ಅವಳು ತಿರುವು ಬಂದಲ್ಲೆಲ್ಲ ನಿಂತಳು. "ಎಡಕ್ಕೊ ಬಲಕ್ಕೊ?" ಬಾಗಿಲಲ್ಲಿ ಪಾದ್ರಿಗಳು, "ಹೆಂಗಿದ್ದಿ ಜುಲಿಯಾನಾ?" ಎಂದು ಕೇಳಿದರು. ಅವಳು ಗಂಡನ ಮುಖ ನೋಡಿ, "ಹೇಳಲ್ಯಾ?" ಎಂದಳು.

ಪಾದ್ರಿಗಳು ರೊಜಾರಿಯೊನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅಂದಿನ ಉಪದೇಶ ಹೆಂಡಂದಿರನ್ನು ಹೊಡೆಯುವ ಗಂಡಂದಿರ ಮೇಲೆ ನಡೆಯಿತು. ಜನ ಮೂರು ಸಾಲು ಮುಂದಿನಿಂದ ಕತ್ತು ಹೊರಳಿಸಿ ಅವನನ್ನು ನೋಡಿದರು.

"ಸೋತ್ನವ್ವಾ," ಎಂದ ರೊಜಾರಿಯೊ, ಮನೆಗೆ ಬಂದ ಮೇಲೆ. "ಹೆಸರು ನೀನ ಹೇಳು."

ಜುಲಿಯಾನಾ ಒಲೆಗೆ ಸೌದೆ ತುರುಕಿದಳು. ಆಮೇಲೆ ಬೇರೆಯದೇ ದನಿಯಲ್ಲಿ, "ಸಂಗಾತಿ ಅನ್ರಿ," ಎಂದಳು. "ಒಂದು ಮುಂದ ಹೋಗೂದು, ಒಂದು ಅದರ ಸಂಗಾತಿ. ಒಂದ ಎಣ್ಣಿ ಕುಡದು ಎರಡೂ ಕೂಡಿ ಲಾರಿ ನಡಸ್ತಾವಲ್ಲ? ಮದಿವ್ಯಾದಾಗಿಂದ ನೀವು ನನಗ ಒಮ್ಮೆನೂ ಆ ಮಾತು ಅಂದಿಲ್ಲ. ಕಬ್ಬಿಣದ ತುಂಡಿಗ್ಯಾದ್ರೂ ಸಿಗಲಿ."

ರೊಜಾರಿಯೊ ಏನೋ ಹೇಳಬೇಕೆಂದು ಬಾಯಿ ತೆರೆದ. ಸೋಮವಾರದ ನೆನಪಾಗಿ, ಶಬ್ದ ಮರೆತುಹೋದೀತೆಂದು ಅದನ್ನೇ ಜಪಿಸುತ್ತ ಹೊರಗೆ ಹೋದ.

ನಾಗಲಿಂಗಪ್ಪ ಕುಣಿದಾಡುವುದೊಂದು ಬಾಕಿ. ಬೋರ್ಡಿನ ಮೇಲೆ 'ಮುಂದಾಳು ಸಿಲಿಂಡರ್, ಸಂಗಾತಿ ಸಿಲಿಂಡರ್' ಎಂದು ಗುಂಡಗೆ ಬರೆದರು, ಪೇಢೆ ಹಂಚಿದರು, ರೊಜಾರಿಯೊನ ಹೆಗಲ ಮೇಲೆ ಕೈಯಿಟ್ಟು ಭಾಷಣ ಮಾಡಿದರು. "ಇವತ್ತಿಂದ ನಮ್ಮ ಗ್ಯಾರೇಜಿನಾಗ ಗುಲಾಮ ಅನ್ನೂ ಶಬ್ದನ ಇಲ್ಲ!" ಈ ಸಲ ಚಪ್ಪಾಳೆ ಬಿತ್ತು. ರೊಜಾರಿಯೊನ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು.

ಚಪ್ಪಾಳೆ ತಟ್ಟಿದ ಕೈಯ ಪೇಢೆ ಇನ್ನೂ ಮುಗಿದಿರಲಿಲ್ಲ, ಲಾರಿಯ ಕೆಳಗೆ ಮಲಗಿದ್ದ ಮೆಕ್ಯಾನಿಕ್ ದ್ಯಾಮಪ್ಪ ಕೂಗಿದ.

"ಏ ಸಂಗಾತಿ! ಆ ಜಾಕ್ ತಗೊಂಡ ಬಾ!"

ಮೊದಲು ಒಬ್ಬ ನಕ್ಕ, ಆಮೇಲೆ ಗ್ಯಾರೇಜೇ ನಕ್ಕಿತು. ಊಟದ ಹೊತ್ತಿಗೆ ಡ್ರೈವರುಗಳ ಬಾಯಲ್ಲಿ ಸಂಗಾತಿ, ಸಂಜೆಗೆ ಚಹಾದಂಗಡಿಯವನ ಬಾಯಲ್ಲಿ ಸಂಗಾತಿ. ಗುಲಾಮ ಎನ್ನಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಈಗ ಮೆತ್ತಗಿನ ಶಬ್ದ ಸಿಕ್ಕಿತು ನೋಡಿ, ಸಲೀಸಾಗಿ ಹೊರಳಿತು. ಇಷ್ಟು ವರ್ಷ ರೊಜಾರಿಯೊ ಎಂದು ಕರೆಯುತ್ತಿದ್ದವರು ಅವನಿಗೊಂದು ಹೆಸರಿತ್ತೆಂಬುದನ್ನೇ ಮರೆತರು.

ಅವನು ಫೋರಮನ್ ಹತ್ತಿರ ಹೋದ. "ಸಾಹೇಬ್ರ, ನನಗ ಹಂಗ ಕರೀಬ್ಯಾಡ್ರಿ ಅಂತ ಹೇಳ್ರಿ ಅವರಿಗೆ."

"ಯಾಕೋ? ಎಷ್ಟು ಚಂದ ಶಬ್ದ! ನೀನ ತಂದದ್ದಲ್ಲೇನು?" ಎಂದು ನಾಗಲಿಂಗಪ್ಪ ಕಣ್ಣರಳಿಸಿದರು. ಅದರಲ್ಲಿ ಕಪಟವಿರಲಿಲ್ಲ. ಆಮೇಲೆ ಹೊರಗೆ ನೋಡಿ, "ಹೊರಗಿನ ಗಟಾರ ಕಟ್ಟೇತಿ. ಒಂಚೂರು ನೋಡಪಾ, ಸಂಗಾತಿ," ಎಂದರು.

ಗಟಾರ ಬಳಿದು ಅವನು ಮನೆಗೆ ಬಂದಾಗ ಬಚ್ಚಲಲ್ಲಿ ನೀರು ಕಾದಿತ್ತು. ಅಂಗಳ ಗುಡಿಸಿತ್ತು. ಯಾರೂ ಹೇಳದೆ ಮೀನಿನ ಸಾರು ಕುದಿಯುತ್ತಿತ್ತು. ಜುಲಿಯಾನಾ ತಲೆ ಬಾಚಿ, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದಳು. ತನ್ನ ಶಬ್ದ ಬೋರ್ಡು ಹತ್ತಿದ ದಿನ ಅದು. ನಾಚಿಕೆಯಿಂದ ಸೆರಗಿನ ತುದಿ ತಿರುವುತ್ತ ಅವಳೆಂದಳು:

"ಬಂದ್ರ್ಯಾ, ಸಂಗಾತಿ?"

"ಹಂಗ ಕರದ್ರ ಹಲ್ಲ ಉದುರಸ್ತೇನಿ ನೋಡು!" ಎಂದು ರೊಜಾರಿಯೊ ಅರಚಿದ.

ಅವಳ ಕೈಯಿಂದ ಸೆರಗಿನ ತುದಿ ಜಾರಿತು. ಕಾರಣ ಹೇಳಬಹುದಿತ್ತು. ಹೇಳಿದರೆ ಆ ಶಬ್ದ ಅವಳ ಪಾಲಿಗೂ ಕೆಡುತ್ತಿತ್ತು. ಅವನು ಕೈಕಾಲು ತೊಳೆದು ಎಲೆಯ ಮುಂದೆ ಕೂತ. ಅವಳು ಬಡಿಸಿ ದೂರ ಸರಿದು ನಿಂತಳು. ಹೂವು ಆಗಲೇ ತಲೆಯಲ್ಲಿರಲಿಲ್ಲ.

ಸಾರು ಬಾಯಿಗೆ ಹತ್ತುತ್ತಿರಲಿಲ್ಲ. ಅವಳನ್ನು ಹತ್ತಿರ ಕರೆಯಬೇಕು, ಏನಾದರೂ ಒಂದು ಒಳ್ಳೆಯ ಮಾತಿನಿಂದ ಕರೆಯಬೇಕು ಎನ್ನಿಸಿತು. ಹುಡುಕಿದ. ಅವನಿಗೆ ಗೊತ್ತಿದ್ದ ಒಳ್ಳೆಯ ಮಾತು ಒಂದೇ, ಅದನ್ನು ಬೆಳಿಗ್ಗೆ ಗ್ಯಾರೇಜಿಗೆ ಕೊಟ್ಟು ಬಂದಿದ್ದ.

"ಏ," ಎಂದ ಕೊನೆಗೆ, ತಲೆ ಎತ್ತದೆ, "ಉಪ್ಪು ತಾ."