ಎರಡು ಸೈಕಲ್, ಒಂದು ಕಪ್

ಎಲ್ಲಾ ಶುರುವಾದದ್ದು ಡಾಕ್ಟರ ಚೀಟಿಯಿಂದ. ಮಾತ್ರೆಗಳ ಹೆಸರನ್ನು ಇರುವೆ ಸಾಲಿನಂತೆ ಗೀಚುವ ಆ ಪುಣ್ಯಾತ್ಮರು ಕೊನೆಯ ಸಾಲೊಂದನ್ನು ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆದಿದ್ದರು: ದಿನಾ ಅರ್ಧ ಗಂಟೆ ಸೈಕಲ್ ತುಳಿಯಬೇಕು. ಗುಮಾಸ್ತರ ಹೆಂಡತಿ ಅದನ್ನು ಗಟ್ಟಿಯಾಗಿ ಓದಿ ನಕ್ಕಳು.

"ಇದೇನು ಮಹಾ! ನಿಮಗೆ ನೀರು ಕುಡಿದಷ್ಟು ಸುಲಭ ಅಲ್ವೇನ್ರೀ?"

ಆದರೆ ಗುಮಾಸ್ತರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ.

ಮದುವೆಗೆ ಮುಂಚೆ, ಅವಳ ಮೆಚ್ಚುಗೆ ಗಳಿಸುವ ಭರದಲ್ಲಿ, 'ಸೈಕಲ್ ರೇಸಿನಲ್ಲಿ ನಾನೇ ಫಸ್ಟು' ಎಂದು ಬುರುಡೆ ಬಿಟ್ಟಿದ್ದರು. ಬುರುಡೆಗೆ ಸಾಕ್ಷಿ ಬೇಕಲ್ಲ, ಗುಜರಿ ಅಂಗಡಿಯಿಂದ ಒಂದು ಹಿತ್ತಾಳೆ ಕಪ್ ತಂದಿಟ್ಟರು. ಅದರ ಎರಡು ಕಿವಿಗಳಲ್ಲಿ ಒಂದು ಸೊಟ್ಟ. ಹದಿನಾರು ವರ್ಷದಿಂದ ಅವಳು ಅದನ್ನು ಭಾನುವಾರ ತಪ್ಪದೆ ಉಜ್ಜುತ್ತಿದ್ದಳು. ಆಫೀಸಿನಲ್ಲಿ ಬೈಸಿಕೊಂಡು ಜೋಲು ಮುಖ ಹೊತ್ತು ಬಂದ ದಿನ, "ಹೋಗ್ಲಿ ಬಿಡಿ, ಅವರಿಗೆ ಇಂಥ ಕಪ್ ಇದ್ಯಾ?" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಗುಮಾಸ್ತರ ಇಡೀ ಬಾಳು ನಿಂತಿತ್ತು. ಆ ಕಪ್ಪೇ ಸುಳ್ಳೆಂದು ತಿಳಿದರೆ ಅವಳ ಮುಖ ಹೇಗಾಗಬಹುದು ಎಂದು ನೆನೆಸಿಕೊಳ್ಳಲೂ ಅವರಿಗೆ ಧೈರ್ಯವಿರಲಿಲ್ಲ.

"ಸೈಕಲ್ಲು ಇವತ್ತೇ ತಗೊಳ್ಳೋಣ!" ಎಂಬ ದನಿ ಕಾಂಪೌಂಡಿನ ಆಚೆಯಿಂದ ಬಂತು. ಪಕ್ಕದ ಮನೆಯ ರಿಟೈರಾದ ಡ್ರಿಲ್ ಮೇಷ್ಟ್ರು. ಕರೆಯದೆ ಬರುವುದರಲ್ಲಿ, ಬಂದರೆ ಹೋಗದಿರುವುದರಲ್ಲಿ ಅವರು ನೆಗಡಿಯ ಹಾಗೆ. "ರಜಾ ದಿನ, ನಾನೂ ಬರ್ತೀನಿ ಗುಮಾಸ್ತ್ರೇ. ಚಾಂಪಿಯನ್ನು ಸೈಕಲ್ ಹೊಡೆಯೋದನ್ನ ಒಂದು ಸಲ ಕಣ್ತುಂಬ ನೋಡ್ಬೇಕು!"

ಹೆಂಡತಿ ಕಪ್ಪನ್ನು ಚೀಲಕ್ಕೆ ಹಾಕಿಕೊಂಡದ್ದು ಗುಮಾಸ್ತರಿಗೆ ಗೊತ್ತೇ ಆಗಲಿಲ್ಲ.

ಸೈಕಲ್ ಅಂಗಡಿಯ ಮುಂದಿನ ರಸ್ತೆ ಜಾರುಬಂಡೆಯಂತೆ ಇಳಿದು, ಕೆಳಗೆ ಪೋಸ್ಟ್ ಡಬ್ಬಿಯ ಬಳಿ ಗಕ್ಕನೆ ತಿರುಗುತ್ತಿತ್ತು. ಗುಮಾಸ್ತರು ಅದಕ್ಕೆ ಬೆನ್ನು ಮಾಡಿ ನಿಂತರು. ಅಂಗಡಿಯವನು ಸ್ಟೂಲಿನಲ್ಲಿ ಕೂತಲ್ಲಿಂದಲೇ ಎರಡು ಸೈಕಲ್ ತೋರಿಸಿದ.

"ಎರಡೂ ಹೈಬ್ರಿಡ್ ಸಾರ್. ಟಾರ್ ರೋಡಿಗೂ ಸೈ, ಮಣ್ಣು ದಾರಿಗೂ ಸೈ. ಇದರ ಟೈರು ಒಂದು ಚೂರು ದಪ್ಪ, ಅದರದ್ದು ಒಂದು ಚೂರು ತೆಳು."

ಎರಡೂ ಬೂದು ಬಣ್ಣ, ಎರಡಕ್ಕೂ ಇಪ್ಪತ್ತೊಂದು ಗೇರು, ಅವಳಿ ಮಕ್ಕಳ ಹಾಗೆ ಒಂದೇ ಕಡೆ ಹ್ಯಾಂಡಲ್ ತಿರುಗಿಸಿ ನಿಂತಿದ್ದವು.

"ನಿಮ್ಮ ಪ್ರಕಾರ ಯಾವುದು ಒಳ್ಳೇದಪ್ಪಾ?" ಮೇಷ್ಟ್ರು ಕೇಳಿದರು.

"ಒಂದಕ್ಕಿಂತ ಒಂದು ಸಾರ್," ಎಂದು ಅಂಗಡಿಯವನು ಮಾತು ತೇಲಿಸಿದ. "ಇವರೇ ಎರಡರಲ್ಲೂ ಒಂದೊಂದು ರೌಂಡ್ ಹೋಗ್ಬರ್ಲಿ. ಇಳಿಜಾರಲ್ಲಿ ಬಿಟ್ರೆ ತಾನಾಗೇ ಗೊತ್ತಾಗುತ್ತೆ."

ಗುಮಾಸ್ತರು ಬೆರಳು ಮಡಚಿ ಸೈಕಲ್ಲಿನ ಅಡ್ಡಪಟ್ಟಿಗೆ ಟಕ್ ಎಂದು ಬಡಿದು, ಕಿವಿ ಇಟ್ಟು, ಕಣ್ಣು ಮುಚ್ಚಿದರು.

"ಏನ್ ಸಾರ್ ಅದು?"

"ಹತ್ತಿ ನೋಡೋದು ಹೊಸಬರು. ನಾವೆಲ್ಲ ಕೇಳಿ ನೋಡ್ತೀವಿ."

ಹೆಂಡತಿಯ ಮುಖ ಅರಳಿತು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಹತ್ತಿರ ಬಂದರು. "ನಮ್ಮದನ್ನೂ ಸ್ವಲ್ಪ ಕೇಳಿ ಸಾರ್," ಎಂದು ಒಬ್ಬ ತಾನು ಆರಿಸಿದ್ದನ್ನು ತಳ್ಳಿಕೊಂಡು ಬಂದ. ಗುಮಾಸ್ತರು ಬಡಿದರು, ಚೈನು ಮೂಸಿದರು, ಪೆಡಲು ತಿರುವಿ "ಹ್ಞೂಂ" ಎಂದರು. ಇನ್ನೇನು ಬಚಾವಾದೆ ಎನ್ನುವಷ್ಟರಲ್ಲಿ ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕೇಳಿದ್ದಾಯ್ತಲ್ಲ ಗುಮಾಸ್ತ್ರೇ, ಈಗ ಹತ್ತಿ."

"ಮೊಣಕಾಲು ಸ್ವಲ್ಪ..."

"ಮೊಣಕಾಲಿಗೂ ಸೈಕಲ್ಲೇ ಮದ್ದು!"

ಮೇಷ್ಟ್ರು ಅವರ ಕಾಲನ್ನು ತಾವೇ ಎತ್ತಿ ಸೀಟಿನ ಆಚೆ ಹಾಕಿದರು. ಪ್ಯಾಂಟು ಚೈನಿಗೆ ಸಿಕ್ಕಿ, ಸೈಕಲ್ ವಾಲಿ, ಗುಮಾಸ್ತರು ಪಕ್ಕದ ಅವಳಿಯನ್ನೂ ಎಳೆದುಕೊಂಡು ನೆಲ ಕಂಡರು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಹೆಂಡತಿಗೆ ಅವಮಾನ ತಡೆಯಲಾಗಲಿಲ್ಲ. ಚೀಲಕ್ಕೆ ಕೈಹಾಕಿ ಕಪ್ ತೆಗೆದು ಕೌಂಟರಿನ ಮೇಲೆ ಕುಟ್ಟಿ ಇಟ್ಟಳು.

"ನಮ್ಮನೆಯವರು ಯಾರು ಅಂದ್ಕೊಂಡ್ರಿ? ನೋಡಿ ಇದನ್ನ!"

ಅಂಗಡಿಯವನು ನೋಡಿದ. ನೋಡುತ್ತಿದ್ದಂತೆ ಬಿಳಿಚಿಕೊಂಡ. ಅವನ ಕಣ್ಣು ಹೋದ ಕಡೆ ಗುಮಾಸ್ತರೂ ನೋಡಿದರು. ಗೋಡೆಯ ಮೇಲೆ, ಹೆಲ್ಮೆಟ್ಟುಗಳ ನಡುವೆ ಹಳೆಯ ಫೋಟೋ: ಕರಿಮೀಸೆಯ ಅಂಗಡಿಯವನು ಕಪ್ ಎತ್ತಿ ಹಿಡಿದಿದ್ದಾನೆ. ಕಪ್ಪಿನ ಒಂದು ಕಿವಿ ಸೊಟ್ಟ.

ಅದೇ ಕಪ್! ನಿಜವಾಗಿ ಗೆದ್ದವನು ಇವನೇ ಎಂದುಕೊಂಡರು ಗುಮಾಸ್ತರು.

"ಒಂದ್ನಿಮಿಷ ಒಳಗೆ ಬನ್ನಿ ಸಾರ್," ಎಂದ ಅಂಗಡಿಯವನು. ಟ್ಯೂಬು, ಗ್ರೀಸು ಡಬ್ಬಿ ತುಂಬಿದ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಗುಮಾಸ್ತರು ಕೈಮುಗಿದೇ ಬಿಟ್ಟರು.

"ತಪ್ಪಾಯ್ತು. ಗುಜರೀಲಿ ತಗೊಂಡಿದ್ದು. ನನಗೆ ಸೈಕಲ್ ಬರಲ್ಲ. ದಯವಿಟ್ಟು ನನ್ನ ಹೆಂಡ್ತಿಗೆ ಹೇಳ್ಬೇಡಿ."

ಅಂಗಡಿಯವನು ಒಂದು ಡಬ್ಬಿಯ ಮೇಲೆ ಕುಸಿದು ಕೂತ.

"ನಾನೂ ಗುಜರೀಲೇ ತಗೊಂಡಿದ್ದು ಸಾರ್. ಅಂಗಡಿ ಶುರು ಮಾಡಿದಾಗ, ಗಿರಾಕಿಗಳಿಗೆ ನಂಬಿಕೆ ಬರ್ಲಿ ಅಂತ. ಆಮೇಲೆ ಹಳೇ ಸಾಮಾನಿನ ಜೊತೆ ನನ್ನ ಹೆಂಡ್ತಿ ಅದನ್ನ ವಾಪಸ್ ಗುಜರಿಗೆ ಹಾಕ್ಬಿಟ್ಲು. ನಂಗೂ ಸೈಕಲ್ ಬರಲ್ಲ. ಯಾರಿಗಾದ್ರೂ ಗೊತ್ತಾದ್ರೆ ಅಂಗಡಿ ಮುಚ್ಕೊಂಡು ಹೋಗ್ಬೇಕು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುಮಾಸ್ತರಿಗೆ ಅಳು ಬರುವಷ್ಟು ಸಮಾಧಾನವಾಯಿತು. ನೀನು ನನ್ನದು ಹೇಳಬೇಡ, ನಾನು ನಿನ್ನದು ಹೇಳುವುದಿಲ್ಲ ಎಂದು ಕೈಗೆ ಕೈ ಕೊಟ್ಟು, ಹಗುರಾಗಿ ಹೊರಗೆ ಬಂದರು.

ಹೊರಗೆ ರಸ್ತೆಯಲ್ಲಿ ಜನ ಸೇರಿದ್ದರು. ಎರಡೂ ಸೈಕಲ್ ಇಳಿಜಾರಿನ ತುದಿಯಲ್ಲಿ ಅಕ್ಕಪಕ್ಕ ನಿಂತಿದ್ದವು. ಮೇಷ್ಟ್ರ ಒಂದು ಕೈಯಲ್ಲಿ ಗೋಡೆಯ ಫೋಟೋ, ಇನ್ನೊಂದರಲ್ಲಿ ಕಪ್.

"ನಾನೂ ಈಗಷ್ಟೇ ನೋಡ್ದೆ! ಒಂದೇ ಕಪ್ ಗೆದ್ದ ಇಬ್ಬರು ಚಾಂಪಿಯನ್ನರು! ಇನ್ನು ಯಾವ ಸೈಕಲ್ ಅಂತ ತಲೆ ಯಾಕೆ ಕೆಡಿಸ್ಕೋಬೇಕು? ಇಬ್ಬರೂ ಒಂದೊಂದು ಹತ್ತಿ, ಪೋಸ್ಟ್ ಡಬ್ಬಿ ಮುಟ್ಟಿ ಬನ್ನಿ. ಯಾವುದು ಮುಂದೆ ಬರುತ್ತೋ ಅದನ್ನೇ ತಗೊಳ್ಳೋಣ."

ಜನ ಚಪ್ಪಾಳೆ ತಟ್ಟಿದರು. ನಾಲ್ಕು ಜನ ಹಿಡಿದು ಇಬ್ಬರನ್ನೂ ಸೀಟಿನ ಮೇಲೆ ಕೂರಿಸಿದರು. ಹೆಂಡತಿ ಹತ್ತಿರ ಬಂದು ಗುಮಾಸ್ತರ ಕಾಲರ್ ಸರಿಮಾಡಿದಳು.

"ಬಿದ್ದಿದ್ದು ಅವಸರದಲ್ಲಿ ಅಂತ ನಂಗೆ ಗೊತ್ತುರೀ. ಗೆದ್ದು ಬನ್ನಿ," ಎಂದಳು. ಅವಳ ಕಣ್ಣಲ್ಲಿ ಹದಿನಾರು ವರ್ಷದ ಹೆಮ್ಮೆ ಹಾಗೇ ಇತ್ತು.

ಮೇಷ್ಟ್ರು ಜೇಬಿನಿಂದ ಹಳೆಯ ಸೀಟಿ ತೆಗೆದು ಬಾಯಿಗಿಟ್ಟರು. ಗುಮಾಸ್ತರು ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು.

"ಎರಡರಲ್ಲಿ ಯಾವುದಕ್ಕೆ ಬ್ರೇಕು ಚೆನ್ನಾಗಿದೆ?"

"ನಂಗೇನು ಗೊತ್ತು ಸಾರ್," ಎಂದ ಅಂಗಡಿಯವನು ಕಣ್ಣು ಮುಚ್ಚಿಕೊಂಡು. "ಬೇಗ ಬಡಿದು ಕೇಳಿ."